ಊರನ್ನು ಗಿಡ್ಡ ಮಾಡಿದ ನಾಲ್ಕು ಟೈರು

ಒಂದು ಊರನ್ನೇ ಒಂದು ಕಿಲೋಮೀಟರ್ ಗಿಡ್ಡ ಮಾಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ, ಯಾಕೆಂದರೆ ಅವನು ಈಗ ನಿಮ್ಮ ಎದುರಿಗೇ ಇದ್ದಾನೆ. ಹೆಸರು ತಿಪ್ಪೇಶ. ಟೈಗರ್ ತಿಪ್ಪೇಶ ಅಂತಲೂ ಕರೆಯಬಹುದು. ಇಲ್ಲಿಯವರೆಗೆ ಹಾಗೆ ಕರೆದವನು ನಾನೊಬ್ಬನೇ, ಆದರೆ ದೊಡ್ಡ ಹೆಸರುಗಳೆಲ್ಲ ಶುರುವಾಗುವುದು ಹೀಗೆಯೇ. ಬುಲ್ಡೋಜರ್ ಇಲ್ಲ, ಬಾಂಬಿಲ್ಲ, ಮೇಲಿನವರ ಆರ್ಡರ್ ಇಲ್ಲ. ಬರೀ ನಾಲ್ಕು ಟೈರು. "ನಾನು ಸ್ಟೇರಿಂಗ್ ಹಿಡಿದ್ರೆ ದಾರಿ ತಾನೇ ಬಗ್ಗುತ್ತೆ. ಬಗ್ಗದಿದ್ರೆ ಒಂದೇ ಒಂದ್ ಹಾರನ್!" ಈ ಡೈಲಾಗು ಯಾವ ಸಿನಿಮಾದ್ದೂ ಅಲ್ಲ, ಸ್ವಂತದ್ದು. ನಮ್ಮೂರ ಟಾಕೀಸಿಗೆ ಬಂದ ಪ್ರತಿ ಸಿನಿಮಾವನ್ನೂ ಎತ್ತಂಗಡಿಯಾಗುವವರೆಗೆ ನೋಡಿ ನೋಡಿ ನನ್ನ ಬಾಯಿಗೆ ಬೇರೆ ಥರದ ಮಾತು ಬರುವುದೇ ಇಲ್ಲ. ಅಕ್ಕ ಉಪ್ಪು ಕೊಡು ಅಂದರೂ ನಾನು ತಿರುಗುವುದು ಸ್ಲೋ ಮೋಷನ್ನಿನಲ್ಲಿ.

ನಮ್ಮೂರಿಗೆ ಒಂದೇ ರಸ್ತೆ. ಈ ತುದಿಯಲ್ಲಿ ನೀರಿನ ಟ್ಯಾಂಕು, ಆ ತುದಿಯಲ್ಲಿ ನನ್ನ ಅಕ್ಕ ಓಬಮ್ಮನ ಇಟ್ಟಿಗೆ ಗೂಡು, ನಡುವೆ ರಸ್ತೆಯ ಎರಡೂ ಕಡೆ ಮನೆಗಳು. ಎಲ್ಲರೂ ಮಲಗಿದ ಮೇಲೆ ಊರು ಮೈ ಮುರಿಯುತ್ತದೆ. ಒಂದು ರಾತ್ರಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಇನ್ನೊಂದು ರಾತ್ರಿ ಮುದುರಿಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ನಮ್ಮವರು ಕೇಳುವುದು "ಕಾಫಿ ಆಯ್ತಾ" ಅಂತ ಅಲ್ಲ, "ಇವತ್ತಿನ ಕೂಗು ಎಷ್ಟು" ಅಂತ. ಕೂಗುವವನು ನಾನು. ಬೆಳಕು ಹರಿಯುವ ಹೊತ್ತಿಗೆ, ರಸ್ತೆ ಇನ್ನೂ ನಿದ್ದೆಗಣ್ಣಲ್ಲಿರುವಾಗ, ಅಳತೆ ಜೀಪನ್ನು ಟ್ಯಾಂಕಿನಿಂದ ಗೂಡಿನವರೆಗೆ ಓಡಿಸುತ್ತೇನೆ. ಮೀಟರ್ ನೋಡಿಕೊಂಡು ವಾಪಸ್ ಬಂದು ಟ್ಯಾಂಕಿನ ಮೆಟ್ಟಿಲು ಹತ್ತಿ "ಒಂಬತ್ತೋ!" ಅಂತಲೋ "ಎಂಟೂಕಾಲೋ!" ಅಂತಲೋ ಕೂಗುತ್ತೇನೆ. ಅವತ್ತಿಗೆ ಊರು ಅಷ್ಟುದ್ದ. ಕೂಗು ಕೇಳಿದ ಮೇಲೆಯೇ ಸ್ಕೂಲಿನ ಗಂಟೆ ಎಷ್ಟೊತ್ತಿಗೆ ಬಾರಿಸಬೇಕೆಂದು ಗೊತ್ತಾಗುತ್ತದೆ. ಕೂಗು ಕೇಳಿದ ಮೇಲೆಯೇ ಹಾಲಿನ ಕರಿಯಮ್ಮ ಕ್ಯಾನಿಗೆ ನೀರು ಬೆರೆಸುತ್ತಾಳೆ. ಯಾರಾದರೂ ಕೇಳಿದರೆ, "ದಾರಿ ಉದ್ದ ಆದ ದಿನ ಹಾಲೂ ಉದ್ದ ಆಗ್ಬೇಕಲ್ಲಪ್ಪ" ಅನ್ನುತ್ತಾಳೆ. ಹೆಣ್ಣು ಕೊಡಲು ಬಂದವರು "ಹುಡುಗನ ಮನೆ ಎಷ್ಟು ದೂರ" ಅಂದರೆ, ಈ ಕಡೆಯವರು "ಯಾವತ್ತು?" ಅಂತ ಕೇಳುತ್ತಾರೆ. ಯಾರಿಗೂ ಇದರಲ್ಲಿ ತಮಾಷೆ ಕಾಣುವುದಿಲ್ಲ.

ಒಂದೇ ಒಂದು ವಿಷಯಕ್ಕೆ ಎಲ್ಲರೂ ಹೆದರುತ್ತಾರೆ. ಕೂಗು ಒಂಬತ್ತು ದಾಟಿದ ದಿನ ಒಂಬತ್ತರ ಆಚೆಗೆ ಊರಿನವರು ಯಾರೂ ಹೋಗುವುದಿಲ್ಲ. ಅಷ್ಟು ಎಳೆದುಕೊಂಡ ರಸ್ತೆ ಹೋಗುವಾಗ ಒಂದುದ್ದ, ಬರುವಾಗ ಇನ್ನೊಂದುದ್ದ. ಸಂಜೆಗೆ ಬರುತ್ತೇನೆಂದು ಹೋದವರು ಗಡ್ಡ ಬೆಳೆಸಿಕೊಂಡು ವಾಪಸ್ ಬಂದದ್ದಿದೆ. ಅದಕ್ಕೇ ಬಸ್ಸು ಒಂಬತ್ತಕ್ಕೆ ತಿರುಗುತ್ತದೆ, ಪೋಸ್ಟ್‌ಮನ್ ಒಂಬತ್ತಕ್ಕೆ ತಿರುಗುತ್ತಾನೆ, ಆಸ್ಪತ್ರೆಯ ನರ್ಸ್ ಶಶಿರೇಖಾ ಮೇಡಂ ಮೊಪೆಡ್ಡೂ ಒಂಬತ್ತಕ್ಕೆ ತಿರುಗುತ್ತದೆ. ಆಚೆ ಬದುಕುವ ಅಭ್ಯಾಸ ಇರುವುದು ಗೂಡಿನವರಿಗೆ ಮಾತ್ರ. ನಾನು ಅಳೆದು ವಾಪಸ್ ಬರುವುದು ರಸ್ತೆ ಏಳುವ ಮೊದಲು, ಹಾಗಾಗಿ ಬಚಾವು.

ಈ ವರ್ಷ ಊರಿಗೆ ಅದೇನು ಸೋಮಾರಿತನ ಬಂತೋ, ದಿನಾ ಚಾಚಿಕೊಂಡೇ ಮಲಗತೊಡಗಿತು. ಕೂಗು ಒಂಬತ್ತೂವರೆಯಿಂದ ಕೆಳಗಿಳಿಯಲೇ ಇಲ್ಲ. ಅದೇ ಹೊತ್ತಿಗೆ ನನ್ನ ಭಾವ ರುದ್ರೇಶಿ ಉರಿಯುವ ಗೂಡಿನ ಮೇಲೆ ಹತ್ತಿ ನೋಡುತ್ತಿದ್ದಾಗ ಬೂದಿಯ ಪದರ ಕುಸಿದು ಎಡಗಾಲು ಕೆಂಡಕ್ಕಿಳಿಯಿತು. ಮೊದಲ ದಿನ ಹೇಗೋ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದೆವು. ನರ್ಸಮ್ಮ ಗಾಯ ತೊಳೆದು ಅಕ್ಕನನ್ನು ಪಕ್ಕಕ್ಕೆ ಕರೆದಳು.

"ನೋಡಮ್ಮ, ದಿನಾ ಡ್ರೆಸ್ಸಿಂಗ್ ಆಗ್ಬೇಕು. ಬಿಟ್ರೆ ಕೀವಾಗುತ್ತೆ. ಮೊದ್ಲು ಬೆರಳು ತೆಗೀತಾರೆ, ಆಮೇಲೆ ಪಾದ."

"ನೀವೇ ಬರ್ರಿ ನರ್ಸಮ್ಮ, ಕೈ ಮುಗಿತೀನಿ."

"ಒಂಬತ್ತರೊಳಗಿದ್ರೆ ದಿನಾ ಬರ್ತೀನಿ. ಆಚೆಗೆ ಬರಲ್ಲ. ನಂಗೂ ಮನೆ ಅದೆ."

ಇಲ್ಲೇ ಜೀಪಿನ ಶೆಡ್ಡಿನಲ್ಲಿ ನನ್ನ ಜೊತೆ ಇದ್ದುಬಿಡಿ ಭಾವ ಅಂದೆ. ಆ ನೋವಿನಲ್ಲೂ ಭಾವ ಕಣ್ಣು ಬಿಟ್ಟು, "ಹಚ್ಚಿರೋ ಗೂಡು ಬಿಟ್ಟು ಬರಕ್ಕಾಗಲ್ಲ. ಅಲ್ದೆ ಬೆಳಗ್ಗೆದ್ದು ನಿನ್ ಡೈಲಾಗ್ ಕೇಳೋದಕ್ಕಿಂತ ಕಾಲು ಹೋದ್ರೇ ವಾಸಿ ಕಣ್ಲಾ" ಅಂದ.

ಈಗ ಹೀರೋ ಎಂಟ್ರಿ. ಎಲ್ಲಿಂದಲೋ ಒಬ್ಬ ಕಂಟ್ರಾಕ್ಟರನ ಜೀಪು ಊರಿಗೆ ಬಂದು ಟ್ಯಾಂಕಿನ ಹತ್ತಿರ ನಿಂತಿತು. ಅದರ ಟೈರು ನೋಡಿ ನನ್ನ ಎದೆ ಇಂಟರ್ವಲ್ ಬಿಟ್ಟ ಹಾಗೆ ನಿಂತುಹೋಯಿತು. ಕೆಸರಿಗೆಂದೇ ಮಾಡಿದ ಟೈರುಗಳು. ನನ್ನ ಸೊಂಟದ ಎತ್ತರ, ಎಮ್ಮೆಯ ಬೆನ್ನಿನಷ್ಟು ಅಗಲ. ಮೈತುಂಬ ಇಷ್ಟಿಷ್ಟು ದಪ್ಪದ ರಬ್ಬರ್ ಗಡ್ಡೆಗಳು. ಅವಕ್ಕೆ ನಾವು ಬಟನ್ ಅನ್ನುತ್ತೇವೆ. ಒಂದೊಂದು ಬಟನ್ನೂ ವಿಲನ್ನಿನ ಮುಷ್ಟಿಯಂತಿತ್ತು. ಆ ಡ್ರೈವರ್ ಮಾತ್ರ ಹುಳ್ಳಗೆ ಮುಖ ಮಾಡಿಕೊಂಡಿದ್ದ.

"ಬೇಕೇನಪ್ಪ? ತಗಾ, ನಿನ್ ಟೈರು ನಂಗೆ ಕೊಡು. ಇವು ಕೆಸರಿಗೆ ಹುಟ್ಟಿದವು, ನಾನು ಡಾಂಬರ್ ಮೇಲೆ ಓಡಿಸ್ತಾ ಇದೀನಿ. ಡೀಸೆಲ್ಲು ಇಂಜಿನ್ನಿಗೆ ಹಾಕ್ತಿದೀನೋ ಟೈರಿಗೆ ಹಾಕ್ತಿದೀನೋ ಗೊತ್ತಾಗ್ತಿಲ್ಲ. ನಿಂಗೆ ಸ್ಟೈಲು, ನಂಗೆ ಮೈಲೇಜು."

ಎಂಟೂ ಟೈರು ಬಿಚ್ಚಿ ಅದಲು ಬದಲು ಮಾಡಿಕೊಂಡೆವು. ಅವನು ನನ್ನ ಸಣ್ಣ ಟೈರುಗಳನ್ನು ಹಾಕಿಕೊಂಡು, ನಾನು ಮನಸ್ಸು ಬದಲಾಯಿಸುವ ಮೊದಲೇ ಊರು ಬಿಟ್ಟ. ಇದೆಲ್ಲ ಭಾವನ ಕಾಲು ಉಳಿಸಲು ನಾನು ಹಾಕಿದ ಸ್ಕೆಚ್ಚು. ಸದ್ಯಕ್ಕೆ ಹಾಗೆಂದೇ ತಿಳಿದುಕೊಳ್ಳಿ.

ಮರುದಿನ ಬೆಳಗ್ಗೆ ಹೊರಟೆ. ಡಾಂಬರಿನ ಮೇಲೆ ಬಟನ್ನುಗಳು ಗುಂಯ್ ಅಂತ ಹಾಡುತ್ತಿದ್ದವು, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕಿನಂತೆ. ಗೂಡು ತಲುಪಿ ಮೀಟರ್ ನೋಡಿದರೆ ಎಂಟೂವರೆ. ಬೆರಳಲ್ಲಿ ತಟ್ಟಿದೆ. ಎಂಟೂವರೆ. ಕನ್ನಡಿ ಒರೆಸಿದಂತೆ ಒರೆಸಿದೆ. ಎಂಟೂವರೆ. ಹಿಂದಿನ ದಿನ ಒಂಬತ್ತೂವರೆ ಇದ್ದದ್ದು ಒಂದೇ ರಾತ್ರಿಗೆ ಒಂದು ಕಿಲೋಮೀಟರ್ ಒಳಗೆ ಬಂದಿದೆ. ನನಗೆ ಏನೂ ಅರ್ಥವಾಗಲಿಲ್ಲ, ಆದರೆ ಅರ್ಥವಾಗದ್ದನ್ನು ಜೋರಾಗಿ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ. ಟ್ಯಾಂಕು ಹತ್ತಿ ಕೂಗಿದೆ: "ಎಂಟೂವರೆಯೋ!"

ಕೆಳಗೆ ನಿಂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನರ್ಸಮ್ಮ ಡ್ರೆಸ್ಸಿಂಗ್ ಬ್ಯಾಗು ಮೊಪೆಡ್ಡಿಗೆ ಸಿಕ್ಕಿಸಿಕೊಂಡು ಗೂಡಿನ ಕಡೆ ಹೊರಟಳು.

ಅವತ್ತಿನಿಂದ ಊರಿಗೆ ಒಂಥರಾ ಮಂಕು ಕವಿಯಿತು. ಎಂಟೂವರೆ ಅಂತ ನಂಬಿ ಹೊರಟವರೆಲ್ಲ ತಡವಾಗಿ ತಲುಪುತ್ತಿದ್ದರು. ಸ್ಕೂಲಿನ ಮೇಷ್ಟರು ತಮ್ಮ ವಾಚನ್ನು ಬೈದು ಕೀ ಕೊಟ್ಟರು. ಬಸ್ಸಿನ ಡ್ರೈವರ್ ಇಂಜಿನ್ ಬಿಚ್ಚಿಸಿದ. ಕರಿಯಮ್ಮ ನನ್ನನ್ನು ತಡೆದು ನಿಲ್ಲಿಸಿ ಕೇಳಿದಳು:

"ತಿಪ್ಪೇಶಿ, ನೀನು ಎಂಟೂವರೆ ಅಂತೀಯ. ನನ್ ಮಂಡಿ ಒಂಬತ್ತೂವರೆ ಅಂತಾವೆ. ವಯಸ್ಸಾಯ್ತೇನ್ಲಾ ನಂಗೆ?"

"ನಿಂಗೆಲ್ಲಿ ವಯಸ್ಸಮ್ಮೋ, ಹೀರೋಯಿನ್ ಥರ ಇದೀಯ."

"ಹೀರೋಯಿನ್ ಅವ್ವನ ಥರ" ಅಂತ ಅವಳೇ ತಿದ್ದಿ, ಮಂಡಿ ಉಜ್ಜಿಕೊಳ್ಳುತ್ತ ಹೋದಳು. ಜೀಪಿಗೆ ಆನೆಯ ಕಾಲು ಬಂದದ್ದನ್ನು ಎಲ್ಲರೂ ನೋಡಿದರು, ಮಕ್ಕಳು ಮುಟ್ಟಿದರು, ಒಬ್ಬಿಬ್ಬರು ಒದ್ದೂ ನೋಡಿದರು. ಆದರೆ ಆ ಟೈರಿಗೂ ತಮ್ಮ ಮಂಡಿನೋವಿಗೂ ಗಂಟು ಹಾಕುವುದು ಯಾರಿಗೂ ಹೊಳೆಯಲಿಲ್ಲ. ಕೂಗು ತಪ್ಪಾಗುವುದು ನಮ್ಮೂರಲ್ಲಿ ಯಾರೂ ಕೇಳಿದ ಸಂಗತಿಯಲ್ಲ. ಹಾಗಾಗಿ ತಪ್ಪಾದದ್ದು ತಾವೇ ಅಂದುಕೊಂಡರು.

ನರ್ಸಮ್ಮನೂ ಹಾಗೆಯೇ. ಗೂಡಿನ ಮುಂದೆ ಮೊಪೆಡ್ ನಿಲ್ಲಿಸಿ ಅದರ ಮೀಟರಿಗೆ ಒಂದು ಗುದ್ದು ಹಾಕಿ ಒಳಗೆ ಬರುತ್ತಿದ್ದಳು. "ನನ್ ಮೊಪೆಡ್ ಮೀಟರ್ ಕೆಟ್ಟಿದೆ ಕಣಪ್ಪ. ಎಂಟೂವರೆ ದಾರೀನ ಒಂಬತ್ತೂವರೆ ತೋರಿಸ್ತದೆ. ರಿಪೇರಿ ಮಾಡ್ಸಿದ್ರೂ ಅದೇ ಕತೆ."

ನಾನು ಅಲ್ಲೇ ಇದ್ದೆ. ಸಿನಿಮಾದಲ್ಲಿ ಇಂಥ ಹೊತ್ತಿಗೆ ಹೀರೋ ಕನ್ನಡಕ ಹಾಕಿಕೊಳ್ಳುತ್ತಾನೆ. ನನ್ನ ಹತ್ತಿರ ಕನ್ನಡಕ ಇರಲಿಲ್ಲ, ಅಕ್ಕನ ಕೈಯಿಂದ ಮುದ್ದೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡೆ.

ನರ್ಸಮ್ಮ ಬಟ್ಟೆ ಬಿಚ್ಚಿ, ತೊಳೆದು, ಮುಲಾಮು ಹಚ್ಚುವಾಗ ಭಾವ ಹಲ್ಲು ಕಚ್ಚಿಕೊಂಡು ಸೂರು ನೋಡುತ್ತಿದ್ದ. "ಕಿರುಬೆರಳು ಕಪ್ಪಗಿದೆ, ಅದೊಂದು ಉಳಿದ್ರೆ ಗೆದ್ದಂಗೆ" ಅಂದಳು ನರ್ಸಮ್ಮ. ಅವಳು ಹೋದ ಮೇಲೆ ಅಕ್ಕ ನನ್ನ ತಲೆ ಸವರಿದಳು.

"ಏನ್ ಮಾಡಿದ್ಯೋ ಏನೋ, ಊರನ್ನ ನಮ್ಮನೆ ಹತ್ರಕ್ಕೆ ತಂದೆ ಕಣೋ ತಮ್ಮಾ. ಭಾವನ ಕಾಲಿಗೋಸ್ಕರ ತಾನೇ?"

"ಅಕ್ಕಾ, ತಿಪ್ಪೇಶ ಕೆಲ್ಸ ಮಾಡ್ತಾನೆ, ಕಾರಣ ಹೇಳಲ್ಲ" ಅಂದೆ. ಭಾವ ಮಲಗಿದಲ್ಲಿಂದಲೇ ಗೊರ್ ಅಂದ.

ನಿಜ ಹೇಳಬೇಕೆಂದರೆ ನನಗೂ ಆಗ ಊರು ಗಿಡ್ಡವಾಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ತಲೆ ಕೆಟ್ಟು, ಒಂದು ದಿನ ಅಕ್ಕನ ಹಳೇ ಸೀರೆಯ ಅಂಚು ಹರಿದು ಟೈರಿನ ಸುತ್ತ ಸುತ್ತಿದೆ. ಹಳೇ ಟೈರಿನ ಸ್ಟೆಪ್ನಿ ಒಂದು ಶೆಡ್ಡಿನಲ್ಲಿತ್ತು, ಅದಕ್ಕೂ ಸುತ್ತಿದೆ. ಹೊಸದರ ಸುತ್ತಳತೆ ಒಂದು ಗೇಣಿಗಿಂತ ಹೆಚ್ಚೇ ಉದ್ದ. ಆ ಅಂಚು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಮೀಟರಿಗೆ ರಸ್ತೆ ಕಾಣುವುದಿಲ್ಲ, ಅದು ಎಣಿಸುವುದು ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಮಾತ್ರ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್ ಪಾಪ ಹಳೇ ಲೆಕ್ಕವನ್ನೇ ಬರೆಯುತ್ತದೆ. ಹಾಗಾದರೆ ಊರು ಇದ್ದಷ್ಟೇ ಇದೆ. ಹಾಗಾದರೆ ನರ್ಸಮ್ಮ ದಿನಾ ಒಂಬತ್ತರ ಆಚೆ ಹೋಗಿಬರುತ್ತಿದ್ದಾಳೆ. ಆದರೂ ವಾಪಸ್ ಬರುತ್ತಿದ್ದಾಳಲ್ಲ? ಎಂಟೂವರೆ ಎಂದು ನಂಬಿ ಹೋಗುವವಳಿಗೆ ರಸ್ತೆಯೂ ನಂಬಿ ಸುಮ್ಮನಿರುತ್ತದೆಯೇ? ಇಲ್ಲ, ಇಷ್ಟು ವರ್ಷ ನಾವೇ ಸುಮ್ಮನೆ ಹೆದರಿದ್ದೆವೇ? ನನ್ನ ತಲೆ ಗಿರಗಿರ ತಿರುಗಿತು. ಸೀರೆಯ ಅಂಚನ್ನು ಒಲೆಗೆ ಹಾಕಿ ಮಲಗಿಬಿಟ್ಟೆ.

ನಿದ್ದೆ ಕೆಡಿಸಿದವನು ಪಾಲಯ್ಯ. ಜೀಪಿಗೆ ಡೀಸೆಲ್ ಅಳೆದು ಕೊಡುವ ಪಂಚಾಯ್ತಿ ಮೆಂಬರ್. ಸೋಮವಾರ ಕೊಟ್ಟ ಕ್ಯಾನು ಭಾನುವಾರದವರೆಗೆ ಬರುತ್ತಿದ್ದದ್ದು ಈಗ ಶನಿವಾರಕ್ಕೇ ಖಾಲಿ.

"ಲೇ ಹುಡ್ಗ, ಲೀಟರಿಗೆ ಹನ್ನೊಂದು ಕೊಡ್ತಿದ್ದ ಜೀಪು ಎಂಟಕ್ಕೆ ಬಂದೈತೆ. ಮೂರು ಎಲ್ಲೋಯ್ತು? ಬಾಯಿ ತೆಗಿ."

"ಯಾಕಣ್ಣ?"

"ಮೂಸಿ ನೋಡ್ತೀನಿ. ಕುಡಿದಿದ್ದೀಯೋ ಮಾರಿದ್ದೀಯೋ ಗೊತ್ತಾಗ್ಲಿ."

"ಪಾಲಣ್ಣ, ಡೀಸೆಲ್ ಕುಡಿಯೋದು ಜೀಪು, ಆದ್ರೆ ಉರಿಯೋದು ವೈರಿ ಹೊಟ್ಟೆ" ಅಂದೆ. ಅಂದದ್ದು ತಪ್ಪಾಯಿತು. ಮರುದಿನ ನನ್ನ ಪಕ್ಕದ ಸೀಟಿನಲ್ಲಿ ಅವನೇ ಹತ್ತಿ ಕೂತ.

ಅವನಿಗೆ ಉತ್ತರ ನನ್ನ ನಾಲಗೆ ತುದಿಯಲ್ಲೇ ಇತ್ತು. ಆ ಮೂರರಲ್ಲಿ ಒಂದು ಸುಳ್ಳು: ಜೀಪು ಓಡಿದಷ್ಟು ದೂರವನ್ನು ಮೀಟರ್ ಬರೆಯುತ್ತಿಲ್ಲ, ಆದ್ದರಿಂದ ಮೈಲೇಜು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಉಳಿದ ಎರಡು ನಿಜ: ಅಷ್ಟು ಭಾರದ ಚಕ್ರ ತಿರುಗಿಸಲು ಇಂಜಿನ್ ಏದುಸಿರು ಬಿಡಬೇಕು, ಬಟನ್ನುಗಳು ನುಣುಪು ಡಾಂಬರನ್ನು ಕಚ್ಚಿ ಕಚ್ಚಿ ಬಿಡಬೇಕು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೆಯದೇ ಬೇಕು. ಆದರೆ ಇದನ್ನು ಹೇಳಿದರೆ ಕೂಗೂ ಸುಳ್ಳೆಂದು ಹೇಳಿದಂತೆ. ಕೂಗು ಸುಳ್ಳಾದರೆ ನರ್ಸಮ್ಮ ಬರುವುದಿಲ್ಲ. ಆದ್ದರಿಂದ ಜೀವನದಲ್ಲಿ ಮೊದಲ ಸಲ ಟೈಗರ್ ತಿಪ್ಪೇಶ ಡೈಲಾಗಿಲ್ಲದೆ ಕೂತ. ಪಾಲಯ್ಯ ಗೂಡಿನ ಮುಂದೆ ಇಳಿದು ಮೀಟರನ್ನೂ ಆಕಾಶವನ್ನೂ ನೋಡಿದ.

"ಊರು ಸಣ್ಣದಾಗೈತೆ. ಡೀಸೆಲ್ಲು ಜಾಸ್ತಿ ಬೇಕು. ಸಣ್ಣೂರಿಗೆ ಜಾಸ್ತಿ ಡೀಸೆಲ್ಲು. ಇದ್ಯಾವ ಸೀಮೆ ಲೆಕ್ಕನಪ್ಪಾ?" ಅಂತ ತನಗೇ ಹೇಳಿಕೊಂಡ. ವಾಪಸ್ ಬರುವ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಕಳ್ಳನನ್ನು ಹಿಡಿಯಲು ಬಂದವನು ಜ್ವರ ಬಂದವನಂತೆ ಮನೆಗೆ ಹೋದ.

ಡೀಸೆಲ್ಲಿನ ಚಿಂತೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಮೀಟರ್ ದಿನದಿನಕ್ಕೂ ಒಂದೊಂದೇ ಕೂದಲೆಳೆ ಮೇಲೇರತೊಡಗಿತು. ಎಂಟೂವರೆ ಇದ್ದದ್ದು ಅದರ ಮೇಲೊಂದಿಷ್ಟು, ಆಮೇಲೆ ಇನ್ನೊಂದಿಷ್ಟು. ಬಗ್ಗಿ ಟೈರು ನೋಡಿದೆ. ವಿಲನ್ನಿನ ಮುಷ್ಟಿಗಳೆಲ್ಲ ಸವೆದು ಮುದುಕನ ಬೊಚ್ಚು ಬಾಯಿಯಾಗುತ್ತಿದ್ದವು. ಕೆಸರಿಗೆ ಹುಟ್ಟಿದ ಮೆತ್ತನೆ ರಬ್ಬರು ಬಿಸಿ ಡಾಂಬರಿನ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಂತೆ ಕರಗುತ್ತಿತ್ತು. ಬಟನ್ ಸವೆದಷ್ಟೂ ಚಕ್ರ ಸಣ್ಣದು, ಚಕ್ರ ಸಣ್ಣದಾದಷ್ಟೂ ಸುತ್ತು ಜಾಸ್ತಿ, ಸುತ್ತು ಜಾಸ್ತಿಯಾದಷ್ಟೂ ಊರು ಉದ್ದ. ಒಂದು ಕಡೆ ಭಾವನ ಕಾಲು ಒಣಗುತ್ತಿತ್ತು, ಇನ್ನೊಂದು ಕಡೆ ನನ್ನ ಟೈರು ಸವೆಯುತ್ತಿತ್ತು. ಯಾವುದು ಮೊದಲು ಮುಗಿಯುತ್ತದೆ ಅನ್ನುವುದೇ ಕ್ಲೈಮ್ಯಾಕ್ಸು.

ನಾನೇನು ಸುಮ್ಮನೆ ಕೂರಲಿಲ್ಲ. ಸಾಧ್ಯವಾದ ಕಡೆ ಡಾಂಬರು ಬಿಟ್ಟು ಪಕ್ಕದ ಮಣ್ಣಿನಲ್ಲಿ ಓಡಿಸಿದೆ. ಬ್ರೇಕಿಗೆ ಕಾಲಿಡಲಿಲ್ಲ. ಕೊನೆಗೆ ಒಂದು ಮಹಾ ಐಡಿಯಾ ಹೊಳೆದು ಟೈರಿಗೆ ಗಾಳಿ ಬಿರಿಯುವಷ್ಟು ತುಂಬಿಸಿದೆ. ಉಬ್ಬಿದ ಟೈರು, ಕಡಿಮೆ ಸುತ್ತು! ಎರಡು ದಿನ ಮೀಟರ್ ಕೆಳಗಿಳಿಯಿತು. ಆಮೇಲೆ ನೋಡಿದರೆ ಉಬ್ಬಿದ ಟೈರು ನಡುವಿನ ಬಟನ್ನಿನ ಮೇಲೆ ಮಾತ್ರ ನಿಂತು ಓಡಿದ್ದರಿಂದ ನಡುವಿನ ಸಾಲು ಇನ್ನೂ ಬೇಗ ನುಣ್ಣಗಾಗಿತ್ತು. ಅಂಚಿನ ಬಟನ್ನುಗಳು ಹಾಗೇ ನಿಂತು ನನ್ನನ್ನು ನೋಡಿ ನಗುತ್ತಿದ್ದವು.

"ಇನ್ನು ನಾಕೈದು ಡ್ರೆಸ್ಸಿಂಗು. ಆಮೇಲೆ ನೀವೇ ಓಡಾಡಬೋದು" ಅಂದಳು ನರ್ಸಮ್ಮ ಒಂದು ದಿನ. ಕಿರುಬೆರಳಿನ ಕಪ್ಪು ಹೋಗಿ ಕೆಂಪು ಬಂದಿತ್ತು. ಅಕ್ಕ ಅವಳಿಗೆ ಬೆಲ್ಲ ಹಾಕಿದ ಹುರಿಹಿಟ್ಟು ಕೊಟ್ಟಳು.

ಅದರ ಮರುದಿನ ಮೀಟರ್ ಒಂಬತ್ತೂಕಾಲು ತೋರಿಸಿತು. ರಾತ್ರಿ ಊರು ಹಿಂದೆಂದೂ ಇಲ್ಲದಷ್ಟು ಚಾಚಿಕೊಂಡಿತ್ತು. ಟಾಕೀಸಿನಿಂದ ಮುಂದಿನ ಮನೆಗೆ ಎಷ್ಟು ಓಡಿಸಿದರೂ ಮನೆ ಸಿಗುತ್ತಿರಲಿಲ್ಲ. ಸವೆದ ಟೈರು ಒಂಬತ್ತೂಕಾಲು ಅಂದರೆ ನಿಜದಲ್ಲಿ ಹತ್ತು ಇರಬಹುದು. ಟ್ಯಾಂಕಿನ ಮೆಟ್ಟಿಲು ಹತ್ತಿದೆ. ಕೆಳಗೆ ನರ್ಸಮ್ಮ ಬ್ಯಾಗು ಹಿಡಿದು ಮೇಲೆ ನೋಡುತ್ತಿದ್ದಳು. ಇನ್ನು ನಾಲ್ಕೈದೇ ಡ್ರೆಸ್ಸಿಂಗು. ನನ್ನ ಬಾಯಿ ತಾನೇ ತೆರೆದುಕೊಂಡಿತು.

"ಎಂಟೂಮುಕ್ಕಾಲೋ!"

ಅವಳು ಹೋದಳು. ಮಧ್ಯಾಹ್ನಕ್ಕೆ ಬರಬೇಕಾದವಳು ಬರಲಿಲ್ಲ. ಹೊತ್ತು ಇಳಿಯತೊಡಗಿದಾಗ ಅವಳ ಗಂಡ ಗಿರಿಯಪ್ಪ ಶೆಡ್ಡಿಗೆ ಬಂದ. ಟೈಲರ್ ಅವನು, ಕೊರಳಲ್ಲಿ ಟೇಪು ಹಾಗೇ ಇತ್ತು. ಜಗಳಕ್ಕೆ ಬಂದನೆಂದು ನಾನು ಎದ್ದು ನಿಂತೆ. ಅವನು ಮೆಲ್ಲಗೆ ಕೇಳಿದ:

"ತಿಪ್ಪೇಶಪ್ಪ, ನಂದೂ ಅಳತೆ ಕೆಲ್ಸ, ನಿಂದೂ ಅಳತೆ ಕೆಲ್ಸ. ನಾನು ಒಂದಿಂಚು ತಪ್ಪಿದ್ರೆ ರವಿಕೆ ಬಿಗಿಯಾಗುತ್ತೆ, ಬಿಚ್ಚಿ ಹೊಲಿದ್ರೆ ಮುಗೀತು. ನೀನು ಬೆಳಗ್ಗೆ ಸರಿಯಾಗಿ ನೋಡಿದ್ದೆ ತಾನೇ?"

ಜೀಪಿಗೆ ಹಾರಿದೆ.

ಮುಂದಿನದನ್ನು ಊರಿಗೆಲ್ಲ ಹೇಳಿದ ಹಾಗೆಯೇ ಹೇಳುತ್ತೇನೆ. ಕೆಂಪು ಸಂಜೆ. ರಸ್ತೆ ಹಾವಿನಂತೆ ಹೊರಳುತ್ತಿದೆ. ಮನೆಗಳು ಹಿಂದಕ್ಕೆ ಸರಿಯುತ್ತಿವೆ. ನಡುವೆ ಒಂದು ಜೀಪು, ಅದರಲ್ಲಿ ಒಬ್ಬ ಗಂಡು. ಹನ್ನೊಂದನೇ ಕಿಲೋಮೀಟರಿನಲ್ಲಿ ಮೊಪೆಡ್ ಬಿದ್ದಿದೆ, ನರ್ಸಮ್ಮ "ಯಾರಾದ್ರೂ ಬರ್ರಪ್ಪೋ" ಅನ್ನುತ್ತಿದ್ದಾಳೆ. ನಾನು ಜೀಪು ಗರ್ರನೆ ತಿರುಗಿಸಿ, ಬಾಗಿಲು ಒದ್ದು, "ಕರೆದೋರು ಯಾರೇ ಆಗ್ಲಿ, ಬರೋನು ತಿಪ್ಪೇಶನೇ" ಅಂತ ಕೈ ಚಾಚುತ್ತೇನೆ. ಊರು ಹೆದರಿ ಮುದುರಿಕೊಳ್ಳುತ್ತದೆ. ಶುಭಂ.

ಇಲ್ಲ. ಹಾಗಾಗಲಿಲ್ಲ. ನಮ್ಮ ಜೀಪಿಗೆ ಬಾಗಿಲೇ ಇಲ್ಲ.

ಆದದ್ದು ಇಷ್ಟು. ಆ ದಿನ ಶುಕ್ರವಾರ, ಕ್ಯಾನಿನಲ್ಲಿ ಡೀಸೆಲ್ ತಳ ಕಾಣುತ್ತಿತ್ತು, ನಾನು ಹೆದರಿ ಜೋರಾಗಿ ತುಳಿದೆ, ಟಾಕೀಸು ದಾಟಿ ಸ್ವಲ್ಪ ದೂರಕ್ಕೆ ಜೀಪು ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ನೋಡಿದರೆ ಟಾಕೀಸು ಕಡಲೆಕಾಳಿನಷ್ಟಾಗಿತ್ತು. ಮುಂದೆ ಒಂದು ಮನೆಯೂ ಇಲ್ಲ. ನಾನು ಸ್ಟೇರಿಂಗ್ ತಬ್ಬಿಕೊಂಡು ಕೂತೆ. ಧೈರ್ಯಕ್ಕೆ ಒಂದು ಡೈಲಾಗು ಹೊಡೆಯೋಣವೆಂದು ಬಾಯಿ ತೆರೆದರೆ "ಅಕ್ಕಾ" ಅಂತ ಬಂತು.

ಎಷ್ಟೋ ಹೊತ್ತಿನ ಮೇಲೆ ಮುಂದುಗಡೆ ಮೂರು ಜನ ಕಾಣಿಸಿದರು. ಅಕ್ಕ ಮೊಪೆಡ್ ತಳ್ಳುತ್ತಿದ್ದಳು. ನರ್ಸಮ್ಮ ಅವಳ ಸೆರಗು ಹಿಡಿದಿದ್ದಳು. ಅವರ ಮುಂದೆ, ಒಂದು ಕೋಲು ಊರಿಕೊಂಡು, ಬಟ್ಟೆ ಸುತ್ತಿದ ಎಡಗಾಲಿಗೆ ಗೋಣಿತಾಟು ಕಟ್ಟಿಕೊಂಡು ಭಾವ ನಡೆಯುತ್ತಿದ್ದ. ಗೂಡಿನವರಿಗೆ ಆ ರಸ್ತೆಯಲ್ಲಿ ನಡೆಯುವುದು ಗೊತ್ತು. ರಸ್ತೆ ಉಸಿರೆಳೆದುಕೊಂಡು ಚಾಚುವಾಗ ನಿಲ್ಲಬೇಕು, ಉಸಿರು ಬಿಟ್ಟು ಮುದುರುವಾಗ ನಡೆಯಬೇಕು. ಗೊತ್ತಿಲ್ಲದವರು ಚಾಚುವಾಗ ಓಡುತ್ತಾರೆ, ಓಡಿದಷ್ಟೂ ದಾರಿ ಮುಂದಕ್ಕೆ ಹೋಗುತ್ತದೆ. ನರ್ಸಮ್ಮ ಮಧ್ಯಾಹ್ನವೆಲ್ಲ ಹಾಗೇ ಮೊಪೆಡ್ ಓಡಿಸಿ ಓಡಿಸಿ ಪೆಟ್ರೋಲ್ ಮುಗಿಸಿಕೊಂಡು ಗೂಡಿನ ಮುಂದೆಯೇ ನಿಂತಿದ್ದಳಂತೆ. ನೀವು ಏಳಬೇಡಿ ಅಂದರೂ ಕೇಳದೆ ಭಾವ ಎದ್ದನಂತೆ. "ನನ್ ಕಾಲಿಗೆ ಬಂದೋಳು, ನನ್ ಕಾಲಲ್ಲೇ ಬಿಟ್ಟು ಬರ್ತೀನಿ" ಅಂದನಂತೆ. ಇಂಥ ಡೈಲಾಗು ನನಗೆ ಯಾವತ್ತೂ ಹೊಳೆದಿಲ್ಲ.

ಗೋಣಿತಾಟು ಕೆಂಪಗಾಗಿತ್ತು.

"ಏನ್ಲಾ ಹೀರೋ, ಡೀಸೆಲ್ ಖಾಲಿನಾ?" ಅಂದ ಭಾವ.

ನರ್ಸಮ್ಮ ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಎತ್ತಿಟ್ಟು ಬಟ್ಟೆ ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೀಟರ್ ಎಷ್ಟು ತೋರಿಸ್ತು?"

"ಒಂಬತ್ತೂಕಾಲು ಮೇಡಂ. ಅದೂ ಸುಳ್ಳು. ಟೈರು ದೊಡ್ಡದು, ಮೀಟರ್ ಕಮ್ಮಿ ಬರೆಯುತ್ತೆ. ಮೊದಲ್ನೇ ದಿನದಿಂದ."

ಅವಳು ಗಾಯ ಒರೆಸುತ್ತಲೇ ಅಂದಳು: "ಹಂಗಾದ್ರೆ ನನ್ ಮೊಪೆಡ್ ಮೀಟರ್ ಸರಿ ಇತ್ತು."

"ಹೂಂ ಮೇಡಂ."

"ಎರಡು ಸಲ ರಿಪೇರಿ ಮಾಡ್ಸಿದೀನಿ. ಎರಡ್ ಸಲ!" ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ. ಮಧ್ಯಾಹ್ನವೆಲ್ಲ ದಾರಿ ತಪ್ಪಿಸಿಕೊಂಡದ್ದಕ್ಕೆ ಒಂದು ಮಾತೂ ಆಡಲಿಲ್ಲ. "ಗಾಯ ಬಾಯಿ ಬಿಟ್ಟಿದೆ. ಆದ್ರೂ ಬೆರಳು ಉಳಿಯುತ್ತೆ. ಇನ್ನೂ ಹದಿನೈದ್ ದಿನ ಡ್ರೆಸ್ಸಿಂಗ್ ಬೇಕು. ನಾನು ಒಂಬತ್ತರ ಆಚೆ ಬರಲ್ಲ. ನೀನು ಇವರನ್ನ ದಿನಾ ಬೆನ್ನ ಮೇಲೆ ಹೊತ್ಕೊಂಡು ಒಂಬತ್ತಕ್ಕೆ ಬಾ, ನಾನು ಅಲ್ಲಿ ಕಾಯ್ತೀನಿ."

ಅಕ್ಕನ ಮನೆಯಿಂದ ಒಂಬತ್ತಕ್ಕೆ ಬಹಳ ದಿನ ಬರೀ ಅರ್ಧ ಕಿಲೋಮೀಟರು. ಹೊತ್ತುಕೊಂಡು ಬರಬಹುದೆಂದು ಇಷ್ಟು ದಿನ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಊರನ್ನು ಹತ್ತಿರ ತರುವುದನ್ನೇ ಯೋಚಿಸುತ್ತಿದ್ದೆವು.

ಅವತ್ತು ಭಾವ ಸ್ಟೇರಿಂಗ್ ಹಿಡಿದ, ಮೊಪೆಡ್ಡು ಜೀಪಿನ ಹಿಂದೆ ಹತ್ತಿಕೊಂಡಿತು, ನಾವು ಮೂವರು ತಳ್ಳಿದೆವು. ರಸ್ತೆ ಚಾಚಿದಾಗ "ನಿಲ್ರಿ", ಮುದುರಿದಾಗ "ತಳ್ರಿ" ಅಂತ ಅವನು ಹೇಳುತ್ತಿದ್ದ. ಆ ಬೊಚ್ಚು ಟೈರುಗಳು ಹಿಟ್ಟಿನ ಮೂಟೆಯಷ್ಟು ಭಾರವಾಗಿದ್ದವು. ಟ್ಯಾಂಕಿನ ಕೆಳಗೆ ಗಿರಿಯಪ್ಪ ನಿಂತಿದ್ದ. ಹೆಂಡತಿಯನ್ನು ನೋಡಿ ಟೇಪನ್ನು ಕೊರಳಿಂದ ತೆಗೆದು ಮತ್ತೆ ಹಾಕಿಕೊಂಡ, ಅಷ್ಟೆ.

ಮರುದಿನ ನಾನು ಮೆಟ್ಟಿಲು ಹತ್ತಿ ಎಲ್ಲವನ್ನೂ ಕೂಗಿದೆ. ಬೈದರು. ಕರಿಯಮ್ಮ ಮಾತ್ರ "ಹಂಗಾದ್ರೆ ನಂಗೆ ವಯಸ್ಸಾಗಿಲ್ಲ!" ಅಂತ ಕುಣಿದಾಡಿದಳು. ಪಾಲಯ್ಯನಿಗೆ ಇನ್ನೂ ಅರ್ಥವಾಗಿಲ್ಲ, ದಿನಾ ಒಂದು ಸಲ ಬಂದು ಕೇಳಿಕೊಂಡು ಹೋಗುತ್ತಾನೆ. ಈಗ ಬೆಳಗಿನ ಅಳತೆ ನರ್ಸಮ್ಮನ ಮೊಪೆಡ್ಡಿನದು, ರಸ್ತೆ ಏಳುವ ಮೊದಲು ಅದನ್ನು ಓಡಿಸುವವನೂ ಕೂಗುವವನೂ ಗಿರಿಯಪ್ಪ.

ನಾನು ಭಾವನನ್ನು ಹೊರುತ್ತೇನೆ. ಮೊದಲ ದಿನವೇ, ಅವನ ಗಡ್ಡ ನನ್ನ ಕುತ್ತಿಗೆಗೆ ಚುಚ್ಚುತ್ತಿರುವಾಗ, ಹೇಳಿಬಿಟ್ಟೆ:

"ಭಾವ, ಆ ಟೈರು ಹಾಕಿದ್ದು ನಿಮ್ ಕಾಲಿಗಲ್ಲ. ಮೀಟರ್ ಕಮ್ಮಿ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಟಾಕೀಸ್ ಮುಂದೆ ಜೀಪ್ ನಿಲ್ಸಿದ್ರೆ ಚೆನ್ನಾಗ್ ಕಾಣುತ್ತೆ ಅಂತ ಹಾಕ್ದೆ. ಅಷ್ಟೇ."

ಭಾವ ನನ್ನ ಕಿವಿ ಹಿಡಿದು ರಸ್ತೆಯ ನೆರಳಿನ ಕಡೆಗೆ ತಿರುಗಿಸಿದ.

"ಗೊತ್ತು ಕಣ್ಲಾ. ನಿಮ್ಮಕ್ಕಂಗೆ ಹೇಳ್ಬೇಡ, ತಮ್ಮ ನನ್ ಗಂಡಂಗೋಸ್ಕರ ಮಾಡ್ದ ಅಂತ ಬೀದಿಯೆಲ್ಲಾ ಹೇಳ್ಕೊಂಡವಳೆ. ಈಗ ನಿಲ್ಲು, ರಸ್ತೆ ಎಳೀತಾ ಐತೆ. ಹಾಂ. ನಡಿ."